ಹಸುವಿನ ಅಧ್ಯಾಯಕ್ಕೆ ಒಂದು ಸಾಲು ಸಾಕೇ?

ಮಾಮು: ಕುರ್‌ಆನಿನ 114 ಸೂರಾಗಳ, ಅಂದರೆ ಅಧ್ಯಾಯಗಳ, ಹೆಸರನ್ನೂ ಪ್ರತಿಯೊಂದರ ಮುಖ್ಯ ವಿಷಯವನ್ನೂ ಒಂದೊಂದು ಸಾಲಿನಲ್ಲಿ ಕೊಟ್ಟಿರುವ ಪಟ್ಟಿಯನ್ನು ನಮ್ಮ ಮನೆಯ ಈ ಗುಂಪಿನಲ್ಲಿ ಮೇಲೆ ಹಾಕಿದ್ದೇನೆ. ಮನೆಯ ಮಕ್ಕಳೆಲ್ಲರೂ ಇದನ್ನು ಉಳಿಸಿಟ್ಟುಕೊಳ್ಳಲಿ.

ನಾನು: ಮಾಮು, ಪಟ್ಟಿಯನ್ನು ಪೂರ್ತಿ ಓದಿದೆ. ಬಹಳಷ್ಟು ಕಡೆ ಹೆಸರಿನ ಅರ್ಥವನ್ನೇ ವಿಷಯವೆಂದು ಬರೆದುಬಿಟ್ಟಿದ್ದಾರೆ. ‘ಅಲ್ ಬಕರಾ: ಹಸುವಿನ ಕಥೆ’ ಎಂದಿದೆ. 286 ಆಯತ್‌ಗಳಿರುವ (ವಚನಗಳಿರುವ), ಕುರ್‌ಆನಿನಲ್ಲೇ ಅತ್ಯಂತ ದೀರ್ಘವಾದ ಆ ಸೂರಾದಲ್ಲಿ ಹಸುವಿನ ಪ್ರಸಂಗ ಬರುವುದು 67ರಿಂದ 73ರವರೆಗೆ ಮಾತ್ರ. ನಮಾಝಿಗೆ ಮುಖ ಮಾಡುವ ದಿಕ್ಕಾದ ಕಿಬ್ಲಾ ಬದಲಾದದ್ದು, ರಮಝಾನಿನ ಉಪವಾಸ, ಹಜ್, ತಲಾಖ್, ಬಡ್ಡಿಯ ನಿಷೇಧ, ಸಿಂಹಾಸನದ ವಚನವೆನ್ನುವ ಆಯತುಲ್ ಕುರ್ಸಿ, ಸಾಲ ಕೊಟ್ಟು ತೆಗೆದುಕೊಳ್ಳುವಾಗ ಬರೆದಿಡಬೇಕೆಂದು ಹೇಳುವ ಆ ಉದ್ದನೆಯ 282ನೇ ಆಯತ್, ಇವೆಲ್ಲವೂ ಅದರಲ್ಲೇ ಇರುವಾಗ ಮಕ್ಕಳು ಅದನ್ನು ಹಸುವಿನ ಕಥೆ ಎಂದು ಕಲಿಯಬೇಕೇ?

ಮಾಮು: ಹೆಸರು ಸುಮ್ಮನೆ ಬಂದದ್ದಲ್ಲ. ಒಂದು ಹಸುವನ್ನು ಝಬಹ್ ಮಾಡಿರಿ, ಅಂದರೆ ಬಲಿ ಕೊಡಿರಿ, ಎಂದು ಹೇಳಿದಾಗ ಪ್ರವಾದಿ ಮೂಸಾ ಅವರ ಜನರು ಅದರ ವಯಸ್ಸೆಷ್ಟು, ಬಣ್ಣ ಯಾವುದು, ಇನ್ನೂ ಸ್ಪಷ್ಟವಾಗಿ ತಿಳಿಸಿ ಎಂದು ಮತ್ತೆ ಮತ್ತೆ ಕೇಳಿ, ಸುಲಭವಾಗಿದ್ದ ಆಜ್ಞೆಯನ್ನು ತಾವೇ ಕಠಿಣ ಮಾಡಿಕೊಂಡರು. ಅಷ್ಟೊಂದು ವಿಧಿಗಳಿರುವ ಸೂರಾಕ್ಕೆ ಆ ಪ್ರಸಂಗದ ಹೆಸರೇ ಬಂದಿರುವುದು ಸರಿಯಾಗಿಯೇ ಇದೆ.

ನಾನು: ನಿಮ್ಮ ಮಾತನ್ನು ಒಪ್ಪುತ್ತೇನೆ, ಆದರೆ ನೀವು ಈಗ ಹೇಳಿದ್ದು ಪಟ್ಟಿಯಲ್ಲಿ ಇಲ್ಲವಲ್ಲ.

ಆಪಾ: ಎಲ್ಲ ಹೆಸರುಗಳಿಗೂ ಹೀಗೆ ಅರ್ಥ ಹಚ್ಚಲು ಹೊರಟರೆ ಕಷ್ಟವಾಗುತ್ತದೆ ಮಾಮು. ಅನ್ನಮ್ಲ್ ಎಂದರೆ ಇರುವೆ; ಅದು ಮಾತನಾಡುವುದು 18ನೇ ಆಯತ್‌ನಲ್ಲಿ ಒಂದೇ ಒಂದು ಸಲ, ಉಳಿದಂತೆ ಅಲ್ಲಿ ಪ್ರವಾದಿ ಸುಲೈಮಾನ್ ಮತ್ತು ಸಬಾದ ರಾಣಿಯ ವೃತ್ತಾಂತವಿದೆ, ಮೂಸಾ, ಸಾಲಿಹ್, ಲೂತ್ ಎಂಬ ಪ್ರವಾದಿಗಳ ಪ್ರಸಂಗಗಳಿವೆ. ಅಲ್ ಇಖ್ಲಾಸ್‌ನ ನಾಲ್ಕು ಆಯತ್‌ಗಳಲ್ಲಿ ‘ಇಖ್ಲಾಸ್’ (ಅಪ್ಪಟ ನಿಷ್ಠೆ) ಎಂಬ ಪದವೇ ಬರುವುದಿಲ್ಲ; ಅಲ್ಲಾಹನು ಒಬ್ಬನೇ ಎಂಬ ಅದರ ವಿಷಯವನ್ನು ನೋಡಿ ಇಟ್ಟ ಹೆಸರದು. ಒಂದು ಕಡೆ ಹೆಸರು ಗುರುತಿನ ಚೀಟಿ, ಇನ್ನೊಂದು ಕಡೆ ಸಾರ.

ಚಾಚಾ: ಭಾಯಿಸಾಬ್ ಕಳುಹಿಸಿದ ಪಟ್ಟಿಯನ್ನು ಪೂರ್ತಿ ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ. ಯೂಸುಫ್ ಸೂರಾ ಬಾಲಕನು ಕಂಡ ಕನಸಿನಿಂದ ಹೊರಟು ಆ ಕನಸು ನಿಜವಾಗುವವರೆಗೆ ಒಂದೇ ಕಥೆಯಾಗಿ ಸಾಗುವುದರಿಂದ ಅದಕ್ಕೆ ಒಂದು ಸಾಲು ಸಾಕು. ನನ್ನ ತಕರಾರು ಇರುವುದು ಪಟ್ಟಿಯ ತಲೆಬರಹದ ಬಗ್ಗೆ. ‘ಅವತೀರ್ಣವಾದ ಕ್ರಮದಲ್ಲಿ’, ಅಂದರೆ ಪ್ರವಾದಿಗೆ ಇಳಿದುಬಂದ ಕ್ರಮದಲ್ಲಿ, ಎಂದು ಬರೆದಿದ್ದಾರೆ. ಮೊದಲು ಅವತೀರ್ಣವಾದವು ಎಂದು ಸಾಮಾನ್ಯವಾಗಿ ಒಪ್ಪಿರುವ ಐದು ಆಯತ್‌ಗಳು 96ನೇ ಸೂರಾವಾದ ಅಲ್ ಅಲಕ್‌ನಲ್ಲಿವೆ, ಮಕ್ಕಾದ ಕಾಲದ ನಂತರ ಮದೀನಾದಲ್ಲಿ ಬಂದ ಅಲ್ ಬಕರಾ ಪಟ್ಟಿಯಲ್ಲಿ ಎರಡನೆಯದಾಗಿದೆ. ಮಕ್ಕಾದ ಸೂರಾ ಯಾವುದು, ಮದೀನಾದ್ದು ಯಾವುದು ಎಂಬುದನ್ನು ಸೂಚಿಸದೆ ವಿಷಯ ಹೇಳಿದರೆ, ಒಂದೆಡೆ ಪರಲೋಕದ ಎಚ್ಚರಿಕೆ ಏಕೆ ಹೆಚ್ಚು, ಇನ್ನೊಂದೆಡೆ ಸಮಾಜದ ಕಟ್ಟುಪಾಡು ಏಕೆ ಹೆಚ್ಚು ಎಂಬುದು ಓದುವವರಿಗೆ ತಿಳಿಯುವುದೇ ಇಲ್ಲ.

ಮಾಮು: ತಲೆಬರಹ ತಪ್ಪು, ಒಪ್ಪಿದೆ. ಆದರೆ ಏನೂ ಓದದ ಮಗು ಮೊದಲು ಹಿಡಿಯುವುದು ಇಂಥದ್ದನ್ನೇ. ಚಿಕ್ಕ ಸೂರಾಗಳಿಗಾದರೂ ಇದು ಸಾಲದೇ?

ನಾನು: ಏಳು ಆಯತ್‌ಗಳ ಅಲ್ ಮಾಊನ್ ಮುಂದೆ ‘ಸಣ್ಣಪುಟ್ಟ ವಸ್ತುಗಳು’ ಎಂದು ಬರೆದಿದ್ದಾರೆ, ನೋಡಿ ಮಾಮು. ಅನಾಥನನ್ನು ಹೊರದಬ್ಬುವವನು, ಬಡವನಿಗೆ ಉಣಿಸಲು ಪ್ರೇರೇಪಿಸದವನು, ಪರರು ನೋಡಲೆಂದು ನಮಾಝ್ ಮಾಡಿ ನೆರೆಯವರಿಗೆ ಬೇಕಾದ ಸಣ್ಣ ವಸ್ತುವನ್ನೂ ಕೊಡದವನು, ಇವರನ್ನು ಕುರಿತ ಅಷ್ಟು ತೀಕ್ಷ್ಣವಾದ ಸೂರಾ ಅದು. ಪಾತ್ರೆಪಗಡೆಯ ಸೂರಾವೆಂದು ಮಗು ತಿಳಿದೀತು.

ಮಾಮು: ಸರಿ, ಆ ಸಾಲನ್ನು ನೀನೇ ತಿದ್ದಿ ಕಳುಹಿಸು. ಹಾಗೆಯೇ ಅಲ್ ಬಕರಾಕ್ಕೂ ಒಂದು ಸಾಲು ಬರೆ, ನೋಡೋಣ.

ನಾನು: ಅರ್ಧ ಗಂಟೆಯಿಂದ ಪ್ರಯತ್ನಿಸುತ್ತಿದ್ದೇನೆ ಮಾಮು, ನಾಲ್ಕು ಸಾಲಿಗಿಂತ ಕಡಿಮೆ ಆಗುತ್ತಿಲ್ಲ.

ಮಾಮು: ನಾಲ್ಕೇ ಬರೆ. ಹಸುವನ್ನು ಮಾತ್ರ ಬಿಡಬೇಡ.