ವಿಜಯಪುರದಲ್ಲಿ ಕುಳಿತು ‘ಡಾಕ್ಟರ್ ಹೂ’ ನೋಡುವುದು ಹೇಗೆ?

ಪ್ರಶ್ನೆ: ಗುಮ್ಮಟದೂರು, ವಿಜಯಪುರ

ಗೆಳೆಯರೇ, ಬ್ರಿಟನ್ನಿನ ಲೆಸ್ಟರ್‌ನಲ್ಲಿ ಓದುತ್ತಿದ್ದ ಎರಡು ವರ್ಷ, ಶನಿವಾರ ಸಂಜೆಯಾಯಿತೆಂದರೆ ಮನೆಯೊಡತಿಯ ಪಕ್ಕದಲ್ಲಿ ಕುಳಿತು ಬಿಬಿಸಿಯ ವೈಜ್ಞಾನಿಕ ಕಲ್ಪನೆಯ ಟಿವಿ ಸರಣಿ ‘ಡಾಕ್ಟರ್ ಹೂ’ ನೋಡುತ್ತಿದ್ದೆ. ನಾನು ಊರಿಗೆ ಮರಳುವಾಗ ಅವರು ತಮ್ಮಲ್ಲಿದ್ದ ಐದು ಡಿವಿಡಿಗಳನ್ನು ಟವೆಲಿನಲ್ಲಿ ಸುತ್ತಿ ಕೈಗಿತ್ತರು. ಮೊನ್ನೆ ಅವುಗಳಲ್ಲೊಂದನ್ನು ಮನೆಯ ಪ್ಲೇಯರಿಗೆ ಹಾಕಿದರೆ, ಅದು ಎರಡು ಸಲ ಗಿರ್ರೆಂದು ತಿರುಗಿ, ಈ ಪ್ರದೇಶಕ್ಕೆ ಡಿಸ್ಕ್ ಹೊಂದುವುದಿಲ್ಲವೆಂಬ ಒಂದು ಸಾಲನ್ನು ತೋರಿಸಿ ನಿಂತುಬಿಟ್ಟಿತು. ಅಂತರ್ಜಾಲದಲ್ಲಿ ಕಾರ್ಯಕ್ರಮ ನೋಡುವ ಬಿಬಿಸಿಯ ಐಪ್ಲೇಯರ್ ಕೂಡ ಬ್ರಿಟನ್ನಿನ ಹೊರಗೆ ತೆರೆದುಕೊಳ್ಳುವುದಿಲ್ಲ. ಹನ್ನೊಂದು ವರ್ಷದ ಮಗಳಿಗೆ ಇದನ್ನು ತೋರಿಸಬೇಕೆಂಬ ಆಸೆ ಬಹಳವಿದೆ. ದಾರಿ ಯಾವುದು, ಎಲ್ಲಿಂದ ಆರಂಭಿಸಲಿ?

ಉತ್ತರ: ಘಟಪ್ರಭೆ, ಬಾಗಲಕೋಟೆ

ಅಕ್ಕಾವರೇ, ತಮ್ಮ ಡಿಸ್ಕುಗಳು ಕೆಟ್ಟಿಲ್ಲ. ಡಿವಿಡಿಗಳ ವಲಯ ವಿಂಗಡಣೆಯಲ್ಲಿ ಬ್ರಿಟನ್ 2ನೆಯದು, ಭಾರತ 5ನೆಯದು. ಎರಡೂ ದೇಶಗಳಲ್ಲಿ ಟಿವಿ ಚಿತ್ರಕ್ಕೆ ಪಾಲ್ ಎಂಬ ಪದ್ಧತಿಯೇ ಇರುವುದರಿಂದ ಚಿತ್ರದ ವಿಷಯದಲ್ಲಿ ಅಡ್ಡಿಯಿಲ್ಲ. ಎಲ್ಲ ವಲಯಗಳನ್ನೂ ಓದುವ ಪ್ಲೇಯರ್ ಸಿಕ್ಕರೆ ಕೊಳ್ಳಿರಿ. ಕಂಪ್ಯೂಟರಿನ ಡಿವಿಡಿ ಡ್ರೈವ್ ಆದರೂ ಆದೀತು. ಆದರೆ ಅದರ ವಲಯವನ್ನು ಸಾಮಾನ್ಯವಾಗಿ ಐದು ಸಲ ಮಾತ್ರ ಬದಲಿಸಬಹುದು, ಕೊನೆಯ ಸಲ ಇಟ್ಟದ್ದೇ ಶಾಶ್ವತವಾಗುತ್ತದೆ. ಹಳೆಯ ಡ್ರೈವ್ ಒಂದನ್ನು ಬ್ರಿಟನ್ನಿಗೆಂದೇ ಮೀಸಲಿಡುವುದು ಮೇಲು.

ಉತ್ತರ: ಕೋಟೆಕೆರೆ, ಬೆಳಗಾವಿ

ಮಗಳಿಗೆ 2005ರ ಸರಣಿಯಿಂದಲೇ ತೋರಿಸಿರಿ. ಲಂಡನ್ನಿನ ಅಂಗಡಿಯೊಂದರಲ್ಲಿ ಕೆಲಸಮಾಡುವ ಹುಡುಗಿಯ ಕಣ್ಣಿನಿಂದ ಕಥೆ ತೆರೆದುಕೊಳ್ಳುವುದರಿಂದ ಹಿಂದಿನದೇನೂ ಗೊತ್ತಿರಬೇಕಿಲ್ಲ. ಆಮೇಲೆ 1963ರ ಮೊದಲ ಕಥೆಗೆ ಹೋಗಬಹುದು. ಅದನ್ನು ನಿರ್ದೇಶಿಸಿದ ವಾರಿಸ್ ಹುಸೇನ್ ಲಖನೌದಲ್ಲಿ ಹುಟ್ಟಿದವರೆಂಬುದನ್ನು ಅವಳಿಗೆ ಖಂಡಿತ ಹೇಳಿರಿ.

ಐಪ್ಲೇಯರ್ ಇಲ್ಲಿ ತೆರೆದುಕೊಳ್ಳದ ಮಾತ್ರಕ್ಕೆ, ದೂರದ ದೇಶದಲ್ಲಿ ಕುಳಿತು ನೋಡುವವರಿಗೆ ಈ ಸರಣಿಯ ಮೇಲೆ ಹಕ್ಕು ಕಡಿಮೆಯೆಂದು ನಾನು ಒಪ್ಪುವುದಿಲ್ಲ. 1960ರ ದಶಕದ ಅನೇಕ ಕಂತುಗಳ ಟೇಪುಗಳನ್ನು ಬಿಬಿಸಿ ಅಳಿಸಿಹಾಕಿತು. ಹೊರದೇಶಗಳ ದೂರದರ್ಶನ ಕೇಂದ್ರಗಳಿಗೆ ಮಾರಿದ್ದ ಫಿಲ್ಮ್ ಪ್ರತಿಗಳಿಂದಾಗಿ ಕೆಲವು ಉಳಿದವು. ನೈಜೀರಿಯದಲ್ಲಿ ಸಿಕ್ಕ ಒಂಬತ್ತು ಕಂತುಗಳು 2013ರಲ್ಲಿ ಬೆಳಕಿಗೆ ಬಂದವು. ಚಿತ್ರ ಸಿಗದ ಕಂತುಗಳದ್ದೂ ಧ್ವನಿ ಇಂದು ನಮಗಿದೆ, ಏಕೆಂದರೆ ಅಂದಿನ ವೀಕ್ಷಕರು ಮನೆಯಲ್ಲಿಯೇ ಅದನ್ನು ಟೇಪಿಗೆ ಇಳಿಸಿಕೊಂಡಿದ್ದರು. ನೋಡುವವರ ಪ್ರೀತಿಯೇ ಕಾಯ್ದ ಕಥೆಯಿದು.

ಇನ್ನೊಂದು ಮಾತು: ಕಥಾನಾಯಕ ಡಾಕ್ಟರ್ ಕಾಲದಲ್ಲಿ ಸಂಚರಿಸುವ ಆ ನೀಲಿ ಪೆಟ್ಟಿಗೆ ಹೊರಡುವಾಗಿನ ಸದ್ದನ್ನು ಬಿಬಿಸಿಯ ಧ್ವನಿ ಕಲಾವಿದ ಬ್ರಯನ್ ಹಾಡ್ಜ್‌ಸನ್ ಅವರು ಮನೆಯ ಬೀಗದ ಕೈಯಿಂದ ಪಿಯಾನೊದ ತಂತಿಗಳನ್ನು ಗೀರಿ ಹುಟ್ಟಿಸಿದರು.

ಪ್ರಶ್ನೆ ಕೇಳಿದವರು: ಗುಮ್ಮಟದೂರು

ಇಬ್ಬರಿಗೂ ಶರಣು. ತಮ್ಮನ ಹಳೆಯ ಲ್ಯಾಪ್‌ಟಾಪಿನಲ್ಲಿ ಡಿಸ್ಕು ಓಡಿತು. ಬೀಗದ ಕೈಯ ಸಂಗತಿ ಹೇಳಿದ್ದೇ ತಡ, ಮಗಳು ಅಡಕಲಿನಿಂದ ಅಜ್ಜನ ತಂಬೂರಿಯನ್ನು ಇಳಿಸಿಕೊಡೆಂದು ಹಟ ಹಿಡಿದಳು. ಅಜ್ಜ ಗವಸು ಬಿಚ್ಚಿ, ಹಿತ್ತಾಳೆಯ ದಪ್ಪ ತಂತಿಯೊಂದನ್ನು ಮಾತ್ರ ಮುಟ್ಟಲು ಒಪ್ಪಿ, ಕೀಲಿಯನ್ನು ಎಷ್ಟು ಹಗುರವಾಗಿ ಎಳೆಯಬೇಕೆಂದು ತಾವೇ ತೋರಿಸಿಕೊಟ್ಟರು. ಸದ್ದು ಬಹುಮಟ್ಟಿಗೆ ಅದೇ ಬಂತು.