ಶೇ. 87 ಹಿಮನದಿಗಳು ‘ಸ್ಥಿರ’: ಈ ಅಂಕಿಗೆ ವಿಜ್ಞಾನಿಗಳ ಉತ್ತರ ಏನಿರಬೇಕು?

(ಅಡ್ಡಹೆಸರಿನ ನಾಲ್ವರ ಮಾತುಕತೆ)

ಹಿಮರೇಖೆ: ಹಿಮಾಲಯದ 2,018 ಹಿಮನದಿಗಳಲ್ಲಿ 1752 ಸ್ಥಿರ, 248 ಹಿಂದೆ ಸರಿದಿವೆ, 18 ಮುಂದೆ ಬಂದಿವೆ. ಇಸ್ರೊದ ಅಹಮದಾಬಾದ್ ಕೇಂದ್ರದ ನೇತೃತ್ವದ ತಂಡ 2014ರಲ್ಲಿ ‘ಕರೆಂಟ್ ಸೈನ್ಸ್’ನಲ್ಲಿ ಪ್ರಕಟಿಸಿದ ಲೆಕ್ಕವಿದು, ಅವಧಿ 2000-01ರಿಂದ 2010-11. ಸಂಸತ್ತಿನ ಉತ್ತರಗಳಲ್ಲೂ ಇದೇ ಅಂಕಿ ಬಂತು. ಇದನ್ನೇ ಹಿಡಿದು ‘ಹಿಮಾಲಯ ಕರಗುತ್ತಿಲ್ಲ’ ಎನ್ನುವವರಿಗೆ ಏನು ಹೇಳೋಣ? ಅಂಕಿಯೇ ತಪ್ಪೇ?

ಕಡ್ಡಿಲೆಕ್ಕ: ಅಂಕಿ ತಪ್ಪಲ್ಲ. ಅವರು ಅಳೆದದ್ದು ಹಿಮನದಿಯ ಮೂತಿ (ಕೆಳತುದಿ) ಎಲ್ಲಿದೆ ಅಂತ, ಮಂಜುಗಡ್ಡೆ ಎಷ್ಟಿದೆ ಅಂತ ಅಲ್ಲ. ಮೂತಿಯ ಮೇಲೆ ಕಲ್ಲುಮಣ್ಣಿನ ದಪ್ಪ ಹೊದಿಕೆ ಇದ್ದರೆ ಬಿಸಿಲು ಒಳಗೆ ಇಳಿಯುವುದಿಲ್ಲ. ಮೂತಿ ಇದ್ದಲ್ಲೇ ಇರುತ್ತದೆ, ಮೇಲ್ಭಾಗ ತೆಳುವಾಗುತ್ತಾ ಹೋಗುತ್ತದೆ. ಹೊದಿಕೆ ಒಂದೆರಡು ಸೆಂಟಿಮೀಟರಿಗಿಂತ ತೆಳುವಾಗಿದ್ದರೆ ಉಲ್ಟಾ, ಕರಗುವುದು ಜೋರಾಗುತ್ತದೆ. ಜತೆಗೆ ಆ 2,018 ಹಿಮನದಿಗಳಲ್ಲಿ ಕಾರಾಕೋರಂ ಪರ್ವತಶ್ರೇಣಿಯವೂ ಸೇರಿವೆ. ಅಲ್ಲಿನವು ಆ ಹೊತ್ತಿಗೆ ಹೆಚ್ಚುಕಡಿಮೆ ಸಮತೋಲದಲ್ಲಿದ್ದವು, ಕರಗಿದಷ್ಟೇ ಹಿಮ ಕೂಡುತ್ತಿತ್ತು.

ಅನುಮಾನಪ್ಪ: ಹಾಗಾದರೆ ತೆಳುವಾಗುವುದಕ್ಕೆ ಲೆಕ್ಕ ತೋರಿಸಿ. ‘2035ಕ್ಕೆ ಹಿಮಾಲಯ ಖಾಲಿ’ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2007ರಲ್ಲಿ ಬರೆದದ್ದನ್ನು ಮರೆತಿಲ್ಲ. 2009ರ ನವೆಂಬರಿನಲ್ಲಿ ಪರಿಸರ ಸಚಿವ ಜೈರಾಂ ರಮೇಶ್ (ನಮ್ಮ ಚಿಕ್ಕಮಗಳೂರಲ್ಲೇ ಹುಟ್ಟಿದವರು) ಹಿಮನದಿಗಳು ಅಸಹಜವಾಗಿ ಹಿಂದೆ ಸರಿಯುತ್ತಿಲ್ಲ ಎನ್ನುವ, ಭೂವಿಜ್ಞಾನಿ ವಿ.ಕೆ. ರೈನಾ ಅವರ ಚರ್ಚಾಪತ್ರ ಹೊರತಂದರು. ಆಗ ಐಪಿಸಿಸಿ ಅಧ್ಯಕ್ಷರಾಗಿದ್ದ ಪಚೌರಿ ಅದನ್ನು ‘ವೂಡೂ ವಿಜ್ಞಾನ’ ಎಂದು ಜರೆದರು. 2010ರ ಜನವರಿ 20ರಂದು ಐಪಿಸಿಸಿಯೇ 2035ರ ಮಾತಿಗೆ ವಿಷಾದ ಸೂಚಿಸಬೇಕಾಯಿತು.

ಪಿಕ್ಸೆಲ್ ಭಟ್ಟ: ಲೆಕ್ಕ ಇದೆ. 2019ರಲ್ಲಿ ‘ಸೈನ್ಸ್ ಅಡ್ವಾನ್ಸಸ್’ನಲ್ಲಿ ಬಂದದ್ದು: ಅಮೆರಿಕದ ಹಳೆಯ ಹೆಕ್ಸಗನ್ ಬೇಹು ಉಪಗ್ರಹದ ಫಿಲ್ಮಿನಿಂದ 1970ರ ದಶಕದ ಎತ್ತರ ನಕ್ಷೆ ಮಾಡಿ, ಈಚಿನ ಉಪಗ್ರಹ ಕ್ಯಾಮೆರಾ ಆಸ್ಟರ್‌ನ ಚಿತ್ರಗಳ ಎತ್ತರದೊಂದಿಗೆ ಹೋಲಿಸಿ ವ್ಯತ್ಯಾಸ ತೆಗೆದರು. ಸುಮಾರು 650 ಹಿಮನದಿಗಳು. 1975-2000ರಲ್ಲಿ ವರ್ಷಕ್ಕೆ ಸರಾಸರಿ 0.22 ಮೀಟರ್ ದಪ್ಪದ ನೀರಿನ ಪದರದಷ್ಟು ಮಂಜುಗಡ್ಡೆ ನಷ್ಟ, 2000-2016ರಲ್ಲಿ 0.43. ಒಂದು ಎಚ್ಚರಿಕೆ: 2000ದಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆ ರೇಡಾರ್‌ನಿಂದ ಮಾಡಿದ ಎಸ್‌ಆರ್‌ಟಿಎಂ ಎತ್ತರ ನಕ್ಷೆಯನ್ನು ಆಧಾರವಾಗಿ ಇಟ್ಟುಕೊಂಡರೆ ಎಡವುತ್ತೀರಿ. ಅದು ಫೆಬ್ರವರಿಯದು, ಅದರ ಸಿ-ಬ್ಯಾಂಡ್ ರೇಡಾರ್ ಅಲೆ ಒಣ ಹಿಮದೊಳಗೆ ಕೆಲವು ಮೀಟರ್ ನುಗ್ಗುತ್ತದೆ. ಮೇಲ್ಮೈ ಇದ್ದದ್ದಕ್ಕಿಂತ ತಗ್ಗಾಗಿ ಕಾಣುತ್ತದೆ, ಆಮೇಲಿನ ನಷ್ಟ ಕಡಿಮೆ ಬರುತ್ತದೆ.

ಕಡ್ಡಿಲೆಕ್ಕ: ಅದಕ್ಕೇ ನೆಲದ ಅಳತೆಯೂ ಬೇಕು. ಹಿಮಾಚಲದ ಲಾಹೌಲ್‌ನ ಛೋಟಾ ಶಿಗ್ರಿ ಹಿಮನದಿಯಲ್ಲಿ 2002ರಿಂದ ಬಿದಿರ ಕಡ್ಡಿ ನೆಟ್ಟು ಅಳೆಯುತ್ತಿದ್ದಾರೆ. ಉಗಿ ಡ್ರಿಲ್ಲಿನಿಂದ ತೂತು ಕೊರೆದು ಕಡ್ಡಿ ಇಳಿಸುವುದು, ಬೇಸಿಗೆ ಮುಗಿದ ಮೇಲೆ ಎಷ್ಟು ಹೊರಗೆ ಬಂದಿದೆ ಅಂತ ನೋಡುವುದು. ಮೇಲ್ಗಡೆ ಹಿಮ ಕೂಡುವಲ್ಲಿ ಗುಂಡಿ ತೋಡಿ ಸಾಂದ್ರತೆ ತೂಗುವುದು.

ಅನುಮಾನಪ್ಪ: ಒಂದು ಹಿಮನದಿಯ ಕಡ್ಡಿಯಿಂದ ಇಡೀ ಹಿಮಾಲಯಕ್ಕೆ ತೀರ್ಪೇ?

ಕಡ್ಡಿಲೆಕ್ಕ: ಇಲ್ಲ. ಕಡ್ಡಿ ಇರುವುದು ಉಪಗ್ರಹದ ಲೆಕ್ಕವನ್ನು ತಾಳೆ ನೋಡಲು.

ಹಿಮರೇಖೆ: ಅಂದರೆ ‘ವೂಡೂ’ ಅಂತ ಬೈದದ್ದೇ ದಂಡ. ರೈನಾ ಪತ್ರಕ್ಕೂ ‘ಮೂತಿ ಬೇರೆ, ದ್ರವ್ಯರಾಶಿ ಬೇರೆ’ ಎಂದಿದ್ದರೆ ಸಾಕಿತ್ತು.

ಪಿಕ್ಸೆಲ್ ಭಟ್ಟ: ಹೌದು. ಪ್ರಶ್ನೆ ಕೇಳುವ ಸಂಸದರಿಗೂ ಹೇಳಿ: ‘ಎಷ್ಟು ಸ್ಥಿರ?’ ಎಂದು ಕೇಳಿದರೆ ಶೇ. 87 ಎಂದೇ ಉತ್ತರ ಬರುತ್ತದೆ. ‘ಎಷ್ಟು ಹಿಮನದಿಗಳಲ್ಲಿ ಕಡ್ಡಿ ನೆಟ್ಟಿದ್ದೀರಿ, ಯಾವ ವರ್ಷದಿಂದ, ವರ್ಷಕ್ಕೆ ಎಷ್ಟು ಮೀಟರ್ ನೀರು ನಷ್ಟ?’ ಎಂದು ಕೇಳಲಿ.