ಮೊದಲನೇ ಹೊಸ ಕಾರು: ಲೀಸ್‌ಗೆ ತಗೊಳ್ಳೋದಾ, ಸಾಲ ಮಾಡಿ ಸ್ವಂತಕ್ಕೇ ಕೊಂಡ್ಕೊಳ್ಳೋದಾ?

ಹೊಸಚಾಲಕಿ:
ಎಲ್ರಿಗೂ ನಮಸ್ಕಾರ. ಇಷ್ಟು ವರ್ಷ ಅಪ್ಪನ ಹಳೇ ಕಾರೇ ಓಡಿಸ್ತಿದ್ದೆ, ಈಗ ಅದು ರೋಡಲ್ಲಿರೋದಕ್ಕಿಂತ ಗ್ಯಾರೇಜಲ್ಲಿರೋದೇ ಜಾಸ್ತಿ ಆಗಿದೆ, ಹಾಗಾಗಿ ನನ್ನ ದುಡ್ಡಲ್ಲಿ ಮೊದಲನೇ ಸಲ ಒಂದು ಹೊಸ ಕಾರು ತಗೋಬೇಕು ಅಂತಿದೀನಿ. ಶೋರೂಮಲ್ಲಿ ಲೀಸ್ (ತಿಂಗಳಿಗಿಷ್ಟು ಅಂತ ಕಟ್ಟಿ ಓಡಿಸಿ, ಅವಧಿ ಮುಗಿದ್ಮೇಲೆ ಕಾರು ವಾಪಸ್ ಕೊಡೋದು) ಕಂತು ಎಷ್ಟು, ಸಾಲದ ಇಎಂಐ ಎಷ್ಟು ಅಂತ ಎರಡೂ ಬರ್ಕೊಟ್ರು. ಲೀಸ್ ತುಂಬಾನೇ ಕಮ್ಮಿ, 3 ವರ್ಷಕ್ಕೆ, ವರ್ಷಕ್ಕೆ 15,000 ಕಿ.ಮೀ. ಲಿಮಿಟ್. ಮನೇಲಿ ಮಾತ್ರ ಬಾಡಿಗೆ ಕಟ್ಟಿದ ಹಾಗೆ ಆಗುತ್ತೆ, ಕೊನೆಗೆ ಕೈಯಲ್ಲೇನೂ ಉಳಿಯಲ್ಲ ಅಂತಿದಾರೆ. ಆಫೀಸಿಗೆ ಹೋಗಿ ಬರೋಕೆ ದಿನಕ್ಕೆ 50 ಕಿ.ಮೀ. ಆಗುತ್ತೆ, ತಿಂಗಳಿಗೆ ಎರಡು ಸಲ ಅಪ್ಪ ಅಮ್ಮನ ನೋಡೋಕೂ ಹೋಗ್ತೀನಿ. ಕಾರಿನ ಬೆಲೆಯ 20% ಅಷ್ಟು ಉಳಿತಾಯ ಇದೆ. ನಿಜವಾಗ್ಲೂ ಯಾವುದು ಒಳ್ಳೇದು, ಅನುಭವ ಇರೋರು ದಯವಿಟ್ಟು ಹೇಳಿ.

ಲೆಕ್ಕದಪುಸ್ತಕ:
ಕಂತು ಕಮ್ಮಿ ಯಾಕಿದೆ ಅಂತ ಮೊದ್ಲು ಅರ್ಥ ಮಾಡ್ಕೊಳ್ಳಿ, ಆಮೇಲೆ ಅರ್ಧ ಗೊಂದಲ ಹೋಗುತ್ತೆ. ಕಾರಿನ ಬೆಲೆ 100 ಅಂತ ಇಟ್ಕೊಳ್ಳಿ. 3 ವರ್ಷ ಆದ್ಮೇಲೆ ಅದು 55 ಬಾಳುತ್ತೆ ಅಂತ ಲೀಸ್ ಕಂಪನಿ ಮೊದ್ಲೇ ಬರ್ದಿಟ್ಟಿರುತ್ತೆ, ಇದಕ್ಕೇ ರೆಸಿಡ್ಯುಯಲ್ ವ್ಯಾಲ್ಯೂ ಅನ್ನೋದು. ನೀವು ತೀರಿಸೋದು ಮಧ್ಯ ಕರಗೋ 45 ಮಾತ್ರ, ತಿಂಗಳಿಗೆ 1.25 ಬಂತು. ಆದ್ರೆ ಬಡ್ಡಿ ಬರೀ ಆ 45ರ ಮೇಲಲ್ಲ, ಉಳಿದ 55ರ ಮೇಲೂ ಪೂರ್ತಿ 3 ವರ್ಷ ಕಟ್ತಾ ಇರ್ತೀರ, ಯಾಕಂದ್ರೆ ಆ ಅಸಲು ಒಂದು ಪೈಸಾನೂ ಇಳಿಯಲ್ಲ. ಬಡ್ಡಿ 9% ಅಂತ ಹಿಡಿದ್ರೆ ಅದು ತಿಂಗಳಿಗೆ ಸುಮಾರು 0.58. ಒಟ್ಟು 1.83.

ಅದೇ 100ಕ್ಕೆ 9%ನಲ್ಲಿ 3 ವರ್ಷದ ಸಾಲ ಆದ್ರೆ ಇಎಂಐ 3.18. ನೋಡೋಕೆ ಭಾರೀ ವ್ಯತ್ಯಾಸ. ಆದ್ರೆ 3 ವರ್ಷದ ಕೊನೇಲಿ ನೋಡಿ: ಲೀಸಲ್ಲಿ ಸುಮಾರು 66 ಕಟ್ಟಿ ಕೀ ವಾಪಸ್ ಕೊಟ್ಟು ಬರ್ತೀರ. ಸಾಲದಲ್ಲಿ 114.5 ಕಟ್ಟಿರ್ತೀರ, ಮನೆ ಮುಂದೆ 55 ಬಾಳೋ ಕಾರಿರುತ್ತೆ, ಅಂದ್ರೆ ನಿಜವಾಗಿ ಖರ್ಚಾಗಿದ್ದು 59.5. ಅಲ್ಲಿಂದ ಮುಂದೆ ಇಎಂಐ ಇಲ್ದೆ ಓಡ್ಸೋ ವರ್ಷಗಳಿವೆಯಲ್ಲ, ಕೊಂಡವರಿಗೆ ನಿಜವಾದ ಉಳಿತಾಯ ಶುರುವಾಗೋದೇ ಅಲ್ಲಿ. ಹಾಗಾಗಿ ನಿಮ್ಮನ್ನ ಕೇಳ್ಬೇಕಾಗಿರೋದು ಒಂದೇ, ಈ ಕಾರನ್ನ ಎಷ್ಟು ವರ್ಷ ಇಟ್ಕೋತೀರ?

ಇನ್ನೊಂದು, ಶೋರೂಮಲ್ಲಿ ಬಡ್ಡಿ ಎಷ್ಟು ಅಂದ್ರೆ ಕೆಲವು ಕಡೆ 0.00375 ಥರ ಒಂದು ಪುಟ್ಟ ಸಂಖ್ಯೆ ತೋರಿಸ್ತಾರೆ, ಮನಿ ಫ್ಯಾಕ್ಟರ್ ಅಂತ. ಅದನ್ನ 2400ರಿಂದ ಗುಣಿಸಿ, ವರ್ಷದ ಬಡ್ಡಿ ಸಿಗುತ್ತೆ. ಇದು 9%.

ಎರಡುಲೀಸ್‌ಆಯ್ತು:
ನಾನು ಎರಡು ಸಲ ಲೀಸ್ ತಗೊಂಡಿದ್ದೆ. ಮೊದಲನೇ ಸಲ ಏನೂ ತೊಂದ್ರೆ ಆಗ್ಲಿಲ್ಲ, ಪೂರ್ತಿ ಅವಧಿ ಕಂಪನಿ ವಾರಂಟಿ ಒಳಗೇ ಇತ್ತು, ದೊಡ್ಡ ರಿಪೇರಿ ಅನ್ನೋದೇ ಬರ್ಲಿಲ್ಲ. ಎರಡನೇ ಸಲ ಕೆಲಸ ಬದಲಾಗಿ ಓಡಾಟ ಜಾಸ್ತಿ ಆಯ್ತು, ಲಿಮಿಟ್ ದಾಟಿದ ಒಂದೊಂದು ಕಿ.ಮೀ.ಗೂ ಚಾರ್ಜ್ ಹಾಕಿದ್ರು, ಅದ್ರ ಮೇಲೆ ಬಂಪರ್ ಗೀರು, ಸವೆದ ಟೈರು, ಎಲ್ಲಾ ಸೇರಿ ಕೊನೇ ಬಿಲ್ ನೋಡಿ ತುಂಬಾ ನೋವಾಯ್ತು. ಮಧ್ಯದಲ್ಲೇ ಬಿಟ್ಟುಬಿಡೋಣ ಅಂತ ಕೇಳಿದ್ದೆ, ಉಳಿದ ಕಂತುಗಳಲ್ಲಿ ಬಹುಪಾಲು ಕಟ್ಲೇಬೇಕು ಅಂದ್ರು.

ನಿಮ್ಮ ಲೆಕ್ಕ ನೋಡಿ, ದಿನಕ್ಕೆ 50, ವರ್ಷಕ್ಕೆ 250 ದಿನ ಅಂದ್ರೆ ಆಫೀಸಿಗೇ 12,500 ಹೋಯ್ತು. ಉಳಿದಿದ್ದು 2,500. ಅಪ್ಪ ಅಮ್ಮನ ಹತ್ರ ವರ್ಷಕ್ಕೆ 24 ಸಲ ಹೋಗ್ಬೇಕಂದ್ರೆ ಸಲಕ್ಕೆ ಹೋಗಿ ಬಂದು 104 ಕಿ.ಮೀ. ಒಳಗೇ ಇರ್ಬೇಕು. ಅವರನ್ನ ನೋಡೋಕೆ ಹೊರಟಾಗ ಮೀಟರ್ ನೋಡ್ಕೊಂಡು ಕೂರೋ ಪರಿಸ್ಥಿತಿ ಬೇಡಮ್ಮ. ಲೀಸೇ ಬೇಕು ಅಂದ್ರೆ ಮೊದ್ಲೇ ಜಾಸ್ತಿ ಕಿ.ಮೀ. ಇರೋ ಪ್ಲಾನ್ ಕೇಳಿ, ಸಾಮಾನ್ಯವಾಗಿ ಆಮೇಲೆ ದಂಡ ಕಟ್ಟೋದಕ್ಕಿಂತ ಅದು ಅಗ್ಗ ಬೀಳುತ್ತೆ.

ಬ್ಯಾಟರಿಗಾಡಿ:
ಲೀಸ್ ಅಂದ್ರೆ ಕೆಟ್ಟದ್ದು ಅಂತ ತಳ್ಳಿಹಾಕೋದು ಬೇಡ. ಎಲೆಕ್ಟ್ರಿಕ್ ಕಾರು ತಗೊಳ್ಳೋದಾದ್ರೆ ನಾನಂತೂ ಲೀಸೇ ಅಂತೀನಿ. ಹೊಸ ಮಾಡೆಲ್‌ಗಳಲ್ಲಿ ರೇಂಜ್, ಅಂದ್ರೆ ಒಂದು ಸಲ ಚಾರ್ಜ್ ಮಾಡಿದ್ರೆ ಓಡೋ ದೂರ, ಏರ್ತಾನೇ ಇದೆ, ಹೊಸದರ ಬೆಲೆ ಇಳಿಸಿದ್ ತಕ್ಷಣ ಹಳೇದರ ಬೆಲೆನೂ ಕುಸಿಯುತ್ತೆ. ಲೀಸಲ್ಲಿ ಆ ನಷ್ಟ ಅವರದ್ದು, ನಿಮ್ಮದಲ್ಲ. 55 ಬಾಳುತ್ತೆ ಅಂದಿದ್ದು 40ಕ್ಕೆ ಇಳಿದ್ರೂ ಕೀ ಕೊಟ್ಟು ಬರ್ಬಹುದು. ಉಲ್ಟಾ 65 ಬಾಳ್ತಿದ್ರೆ, ಒಪ್ಪಂದದಲ್ಲಿ ಕೊಳ್ಳೋ ಹಕ್ಕು ಇದ್ದಲ್ಲಿ 55ಕ್ಕೇ ನೀವೇ ಇಟ್ಕೋಬಹುದು, ಆ ಹಕ್ಕು ಇದೆಯಾ ಅಂತ ಸಹಿಗೆ ಮುಂಚೆ ಓದಿ. ಪೆಟ್ರೋಲ್ ಕಾರಾದ್ರೆ ಮೇಲೆ ಹೇಳಿರೋದೇ ಸರಿ.

ಹೊಸಚಾಲಕಿ:
ತುಂಬಾ ಥ್ಯಾಂಕ್ಸ್, ಇಷ್ಟು ಬಿಡಿಸಿ ಇದುವರೆಗೂ ಯಾರೂ ಹೇಳಿರ್ಲಿಲ್ಲ. ಪೆಟ್ರೋಲ್ ಕಾರೇ ನೋಡ್ತಿರೋದು, ಅಪ್ಪ ಅವರ ಕಾರನ್ನ 14 ವರ್ಷ ಇಟ್ಕೊಂಡ್ರು, ನಾನೂ ಕಮ್ಮಿ ಅಂದ್ರೂ 8 ವರ್ಷ ಇಟ್ಕೋತೀನಿ. ಆದ್ರೆ ತಿಂಗಳಿಗೆ 3.18 ನನ್ನ ಕೈಲಿ ಆಗಲ್ಲ. 7 ವರ್ಷದ ಸಾಲನೂ ಕೊಡ್ತಾರಂತೆ, ಅದು ಹೇಗೆ? ಇಲ್ಲಾ ಉಳಿತಾಯದ 20 ಲೀಸ್‌ಗೇ ಡೌನ್ ಪೇಮೆಂಟ್ ಹಾಕಿದ್ರೆ?

ಲೆಕ್ಕದಪುಸ್ತಕ:
ಲೀಸಿಗೆ ದೊಡ್ಡ ಡೌನ್ ಪೇಮೆಂಟ್ ಮಾತ್ರ ಹಾಕ್ಬೇಡಿ. ಎರಡನೇ ತಿಂಗಳಲ್ಲೇ ಆಕ್ಸಿಡೆಂಟ್ ಆಗಿ ಗಾಡಿ ಪೂರ್ತಿ ಹೋಯ್ತು ಅಂದ್ರೆ ಇನ್ಶೂರೆನ್ಸ್ ದುಡ್ಡು ಮೊದ್ಲು ಲೀಸ್ ಕಂಪನಿಗೆ ಹೋಗುತ್ತೆ, ನೀವು ಹಾಕಿದ್ದು ವಾಪಸ್ ಬರೋದು ಕಷ್ಟ.

7 ವರ್ಷನೂ ಬೇಡ. 9%ನಲ್ಲಿ 100ಕ್ಕೆ 5 ವರ್ಷಕ್ಕೆ ಬಡ್ಡಿ ಸುಮಾರು 24.5, 7 ವರ್ಷಕ್ಕೆ 35. ಅಸಲು ನಿಧಾನಕ್ಕೆ ಇಳಿಯುತ್ತೆ, ಕಾರಿನ ಬೆಲೆ ಬೇಗ ಇಳಿಯುತ್ತೆ, ಮಧ್ಯ ಮಾರ್ಬೇಕಾಗಿ ಬಂದ್ರೆ ಮಾರಿದ ದುಡ್ಡಲ್ಲಿ ಸಾಲ ತೀರಲ್ಲ. ಅದೇ 20ನ ಸಾಲಕ್ಕೇ ಹಾಕಿ. ಉಳಿದ 80ಕ್ಕೆ 5 ವರ್ಷದ ಇಎಂಐ 1.66, 4 ವರ್ಷಕ್ಕೆ 1.99. ಮುಂಗಡ ಇಲ್ದಿರೋ ಲೀಸ್ ಕಂತು 1.83 ಇತ್ತಲ್ಲ, ಆಸುಪಾಸಿಗೇ ಬಂತು ನೋಡಿ. ಆದ್ರೆ ಉಳಿತಾಯ ಪೂರ್ತಿ ಖಾಲಿ ಮಾಡ್ಬೇಡಿ, ಇನ್ಶೂರೆನ್ಸ್, ಸರ್ವಿಸ್, ಟೈರು ಎಲ್ಲಾ ಇನ್ಮೇಲೆ ನಿಮ್ಮದೇ ಖರ್ಚು.

ಹೊಸಚಾಲಕಿ:
ಹಾಗಾದ್ರೆ 15 ಹಾಕಿ ಒಂದು ವೇರಿಯಂಟ್ ಕೆಳಗಿನದು ನೋಡ್ತೀನಿ, ಸನ್‌ರೂಫ್ ಇಲ್ದಿದ್ರೂ ನಡಿಯುತ್ತೆ. ನಾಳೆ ಎರಡು ಬ್ಯಾಂಕಲ್ಲಿ 5 ವರ್ಷದ ಬಡ್ಡಿ ಎಷ್ಟು, ಮುಂಚೆನೇ ತೀರಿಸಿದ್ರೆ ದಂಡ ಇದೆಯಾ ಅಂತ ಕೇಳ್ಕೊಂಡು ಬಂದು ಇಲ್ಲೇ ಹಾಕ್ತೀನಿ.